ಗೃಹವೂ ಗ್ರಾಹವೂ

ಗೃಹಸ್ಥನಾದವನಿಗೆ ಸ್ವಂತ ಮನೆಯೊಂದಿರಬೇಕೆಂಬ ಆಸೆಯು ಸಹಜವಾದುದೇ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಎಚ್ಚರಿಸಿದ್ದರೂ ಆ ಆಸೆಯು ಯಾರನ್ನೂ ಬಿಟ್ಟಿಲ್ಲ. ಆದರೆ ಎಷ್ಟು ದೊಡ್ಡ ಮನೆ ಬೇಕು, ಅದಕ್ಕಾಗಿ ಎಷ್ಟು ವರ್ಷ ಸಾಲಗಾರನಾಗಿ ಬಾಳಬೇಕು ಎಂಬುದನ್ನು ವಿಚಾರಿಸತಕ್ಕವರು ವಿರಳ.

ವಿಶಾಲವಾದ ಮನೆಗಳಿಗೆ ಹೆಸರಾದ ಅಮೆರಿಕಾ ದೇಶದಲ್ಲಿ ಕೆಲವರು ಈ ವಿಚಾರವನ್ನು ಕೈಗೊಂಡು ‘ಪುಟ್ಟ ಮನೆ’ಗಳನ್ನು ಕಟ್ಟತೊಡಗಿರುವರು. ೨೦೦೮ರ ಆರ್ಥಿಕ ವಿಪತ್ತಿನಲ್ಲಿ ಸಾಲ ತೀರಿಸಲಾರದೆ ಲಕ್ಷಾಂತರ ಸಂಸಾರಗಳು ಮನೆಗಳನ್ನು ಕಳೆದುಕೊಂಡ ಮೇಲೆ ಈ ಪಂಥಕ್ಕೆ ಬಲ ಬಂದಿತು. ಅಲ್ಲಿನ ಕಟ್ಟಡ ನಿಯಮಾವಳಿಯೊಂದರ ೨೦೧೮ರ ಆವೃತ್ತಿಯು, ಅಟ್ಟವನ್ನು ಬಿಟ್ಟು ೪೦೦ ಚದರಡಿಗೆ ಮೀರದ ಮನೆಯನ್ನು ಪುಟ್ಟ ಮನೆಯೆಂದು ಗುರುತಿಸಿದೆ. ಅಟ್ಟದ ಮೇಲೆ ಹಾಸಿಗೆ, ಮೆಟ್ಟಿಲ ಕೆಳಗೆ ಪೆಟ್ಟಿಗೆಗಳು, ಗೋಡೆಗೆ ಮಡಿಚುವ ಮೇಜು. ಕೆಲವನ್ನು ಚಕ್ರಗಳ ಮೇಲೆಯೇ ಕಟ್ಟಿ, ಬೇಕಾದಲ್ಲಿಗೆ ಮೋಟಾರಿನಿಂದ ಎಳೆದೊಯ್ಯುವರು.

ಈ ಪಂಥದವರು ಬಹಳವಾಗಿ ಸ್ಮರಿಸುವುದು ಥೋರೋ ಎಂಬ ಚಿಂತಕನನ್ನು. ಆತನು ೧೮೪೫ರಲ್ಲಿ ವಾಲ್ಡನ್ ಎಂಬ ಕೊಳದ ಬಳಿ ಹತ್ತಡಿ ಅಗಲ, ಹದಿನೈದಡಿ ಉದ್ದದ ಕುಟೀರವನ್ನು ತನ್ನ ಕೈಯಿಂದಲೇ ಕಟ್ಟಿ, ಎರಡು ವರ್ಷಕ್ಕೂ ಮಿಗಿಲಾಗಿ ಅದರಲ್ಲಿ ವಾಸಿಸಿದನು. ತಗುಲಿದ ವೆಚ್ಚ ೨೮ ಡಾಲರು ಹನ್ನೆರಡೂವರೆ ಸೆಂಟು ಎಂದು ಲೆಕ್ಕವನ್ನೂ ಬರೆದಿಟ್ಟಿರುವನು. ಆದರೆ ಆ ಲೆಕ್ಕದಲ್ಲಿ ನೆಲದ ಬೆಲೆಯಿಲ್ಲ! ನೆಲವು ಆತನ ಮಿತ್ರನಾದ ಎಮರ್ಸನ್ನನದು.

ಈ ವಿಷಯದ ಮರ್ಮವಿರುವುದು ಇಲ್ಲಿಯೇ. ಚಕ್ರದ ಮನೆಯನ್ನು ಕೊಂಡವನು ಅದನ್ನು ನಿಲ್ಲಿಸುವ ನೆಲಕ್ಕೆ ತಿಂಗಳು ತಿಂಗಳೂ ಬಾಡಿಗೆ ತೆರಬೇಕಾಗಬಹುದು. ಅನೇಕ ಊರುಗಳ ನಿಯಮಗಳು ಅದರಲ್ಲಿ ಸ್ಥಿರವಾಗಿ ವಾಸಿಸಲು ಒಪ್ಪುವುದಿಲ್ಲ. ನೆಲದ ಬೆಲೆ ಏರಿದರೆ ಲಾಭ ನೆಲದವನಿಗೆ; ಗಾಡಿಯ ಬೆಲೆಯಾದರೋ ವರ್ಷೇ ವರ್ಷೇ ಇಳಿಯತಕ್ಕದ್ದು. ಮೊಣಕಾಲು ನೋಯುವ ನಮ್ಮಂಥವರಿಗೆ ಅಟ್ಟದ ಏಣಿಯೂ ಒಂದು ಪರೀಕ್ಷೆಯೇ ಸರಿ. ಆದಕಾರಣ ಗೋಡೆಗಳು ಕಿರಿದಾದ ಮಾತ್ರಕ್ಕೆ ಸಾಲದು. ಕೆಳಗಿನ ನೆಲವು ತನ್ನದಾಗಿರಬೇಕು.

ಈ ವಿಚಾರವು ಈಗ ನಮ್ಮ ಮನೆಯೊಳಕ್ಕೂ ಬಂದಿರುವುದು. ನಮ್ಮ ಮಗನು ಮೈಸೂರಿನಲ್ಲಿ ಇಪ್ಪತ್ತಡಿ–ಮೂವತ್ತಡಿಯ ನಿವೇಶನವನ್ನು ಕೊಂಡು, ಎರಡಂತಸ್ತಿನ ನಕ್ಷೆಯನ್ನು ಬರೆಯಿಸಿರುವನು. ಇಪ್ಪತ್ತು ವರ್ಷದ ಸಾಲ. ಸಾಲದುದಕ್ಕೆ ನಮ್ಮ ನಿವೃತ್ತಿಯ ಕಾಲದಲ್ಲಿ ಬಂದ ಗಂಟು. ಹಣ ಕೊಡಲು ನಾವು ಹಿಂಜರಿಯಲಿಲ್ಲ. “ಈ ಗಂಟಿಗೆ ಎಷ್ಟು ಮನೆಯಾಗುವುದೋ ಅಷ್ಟನ್ನೇ ಕಟ್ಟಪ್ಪ. ಒಂದು ನಡುಮನೆ, ಒಂದು ಕೋಣೆ, ಅಡಿಗೆಮನೆ, ಬಚ್ಚಲು. ತಳಪಾಯ ಮಾತ್ರ ಭದ್ರವಾಗಿರಲಿ, ಮೇಲಿನದು ಕೈಯಲ್ಲಿ ಹಣ ಕೂಡಿದಾಗ ಆಗಲಿ” ಎಂದಷ್ಟೇ ಹೇಳಿದೆವು.

“ಹಬ್ಬಕ್ಕೆ ನಾದಿನಿಯರು ಮಕ್ಕಳೊಂದಿಗೆ ಬಂದರೆ ಎಲ್ಲಿ ಮಲಗುವುದು ಮಾವ?” ಎಂದು ಸೊಸೆಯು ಕೇಳಿದಳು. ಪ್ರಶ್ನೆ ನ್ಯಾಯವಾದುದೇ. “ನಾಲ್ಕು ದಿನದ ನೆಂಟರಿಗಾಗಿ ಇಪ್ಪತ್ತು ವರ್ಷ ಬಡ್ಡಿ ಕಟ್ಟಬೇಕೇನಮ್ಮ? ನಡುಮನೆಯಲ್ಲಿ ಚಾಪೆ ಹಾಸಿದರಾಯಿತು” ಎಂದೆವು. ಆಕೆ ನಕ್ಕಳು, ಪೂರ್ಣ ಒಪ್ಪಿದಂತೆ ತೋರಲಿಲ್ಲ. ನಕ್ಷೆಯು ಇನ್ನೂ ತೀರ್ಮಾನವಾಗಿಲ್ಲ.

ಸಂಸ್ಕೃತದಲ್ಲಿ ‘ಗ್ರಹ್’ ಎಂಬ ಧಾತುವಿಗೆ ಹಿಡಿ ಎಂದರ್ಥ. ಗೃಹ, ಗ್ರಾಹ ಎಂಬ ಎರಡು ಶಬ್ದಗಳೂ ಅದರಿಂದಲೇ ಹುಟ್ಟಿದುವೆಂದು ಸಂಸ್ಕೃತ ವೈಯಾಕರಣರ ಮತ. ಸಂಸಾರವನ್ನು ಅಕ್ಕರೆಯಿಂದ ಹಿಡಿದು ಕಾಪಾಡತಕ್ಕದ್ದು ಗೃಹ. ಕಾಲನ್ನು ಕಚ್ಚಿ ಮಡುವಿಗೆ ಎಳೆಯತಕ್ಕದ್ದು ಗ್ರಾಹ, ಎಂದರೆ ಮೊಸಳೆ. ಹಾಸಿಗೆಯಿದ್ದಷ್ಟು ಕಾಲು ಚಾಚುವವನ ಮನೆ ಚಿಕ್ಕದಾದರೂ ಗೃಹವೇ. ಸಾಲಪತ್ರಕ್ಕೆ ರುಜು ಹಾಕುವ ಮುನ್ನ ವಾಚಕ ಮಹಾಶಯರು, ತಾವು ಕಟ್ಟಹೊರಟಿರುವುದು ಇವೆರಡರಲ್ಲಿ ಯಾವುದೆಂದು ಮನೆಯವರೊಡನೆ ಕುಳಿತು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.