ರಾಡ್ರಿಗ್ಸ್ ದ್ವೀಪದಲ್ಲಿ

ಹಿಂದೂ ಮಹಾಸಾಗರದ ಭೂಪಟದಲ್ಲಿ ಮಾರಿಷಸ್ಸಿನಿಂದ ಪೂರ್ವಕ್ಕೆ ಕಣ್ಣು ಹಾಯಿಸಿದರೆ, ಮಸಿಯ ತೊಟ್ಟೆಂದು ಭ್ರಮಿಸಬಹುದಾದ ಒಂದು ಚುಕ್ಕೆ ಕಾಣುತ್ತದೆ. ಅದೇ ರಾಡ್ರಿಗ್ಸ್ ದ್ವೀಪ. ಎರಡಕ್ಕೂ ನಡುವೆ ಸುಮಾರು ೬೦೦ ಕಿಲೋಮೀಟರು ಬರಿಯ ನೀರು. ನೆಲದ ವಿಸ್ತಾರ ೧೦೮ ಚದರ ಕಿಲೋಮೀಟರು ಮಾತ್ರ. ಅದನ್ನು ಬಳಸಿರುವ ಹವಳದ ದಿಬ್ಬದ ಒಳಗಿನ ತಿಳಿನೀರಾದರೋ ನೆಲಕ್ಕಿಂತಲೂ ವಿಶಾಲವಾದುದು. ಇಷ್ಟು ಕಿರಿದಾದ ಜಾಗದಲ್ಲಿ ನೋಡತಕ್ಕದ್ದೇನಿದೆಯೆಂದು ಮಿತ್ರರು ಕೇಳಿದ್ದರು. ನೋಡುವುದೆಂದರೇನೆಂಬುದನ್ನೇ ಆ ದ್ವೀಪವು ಕಲಿಸುತ್ತದೆಂದು ನನಗೆ ತೋರಿತು.

ಪೂರ್ವತೀರದ ಸೇಂಟ್ ಫ್ರಾಂಸ್ವಾದಿಂದ ದಡದ ಗುಂಟ ನಡೆದರೆ ತ್ರು ದಾರ್ಜಾಂ ಎಂಬ ಪುಟ್ಟ ಕೊಲ್ಲಿ ಸಿಗುತ್ತದೆ: ಎರಡು ಬಂಡೆಗಳ ತೋಳಿನಲ್ಲಿ ಒಂದು ಬೊಗಸೆ ಮರಳು. ಇಳಿತದ ವೇಳೆಯಲ್ಲಿ ಹೆಂಗಸರು ಮೊಳಕಾಲುದ್ದದ ನೀರಿನಲ್ಲಿ ಬಾಗಿ ಬಾಗಿ ಆಕ್ಟೋಪಸ್ಸನ್ನು ಅರಸುತ್ತಾರೆ. ಕಲ್ಲಿನ ಬಣ್ಣವನ್ನೇ ತಾಳಿ ಕುಳಿತ ಆ ಪ್ರಾಣಿ, ಬೆರಳಿಟ್ಟು ತೋರಿಸಿದರೂ ನನ್ನ ಕಣ್ಣಿಗೆ ಬೀಳಲೊಲ್ಲದು. ಅವರಿಗೆ ಮಾರು ದೂರದಿಂದಲೇ ಕಾಣುತ್ತಿತ್ತು. ಅದರ ಸಂತತಿ ಉಳಿಯಲೆಂದು ೨೦೧೨ರಿಂದ ವರ್ಷದಲ್ಲಿ ಕೆಲವು ಕಾಲ ಬೇಟೆಯನ್ನು ನಿಲ್ಲಿಸುವ ಕಟ್ಟಳೆಯಾಗಿದೆ.

ಈ ನೆಲವನ್ನು ಕಣ್ಣಿಟ್ಟು ನೋಡಿ ಬರೆದಿಟ್ಟವನು ಫ್ರಾಂಸ್ವಾ ಲೆಗಾ. ಮತದ್ವೇಷಕ್ಕೆ ಸಿಕ್ಕಿ ಫ್ರಾನ್ಸನ್ನು ತೊರೆದ ಈತ ೧೬೯೧ರಲ್ಲಿ ಕೆಲವು ಸಂಗಡಿಗರೊಡನೆ ಇಲ್ಲಿಳಿದು ಎರಡು ವರ್ಷ ಬಾಳಿದನು. ಆಮೆಗಳ ಬೆನ್ನಮೇಲೆಯೇ ನೂರು ಹೆಜ್ಜೆ ನಡೆಯಬಹುದಾಗಿತ್ತೆಂದು ಅವನ ಹೇಳಿಕೆ. ಹಾರಲಾರದ ಸಾಲಿಟೇರ್ ಎಂಬ ದೊಡ್ಡ ಹಕ್ಕಿಯನ್ನೂ ಅವನು ವರ್ಣಿಸಿದನು. ಅದು ಇಡುವುದು ಒಂದೇ ಮೊಟ್ಟೆ. ಗಂಡುಹೆಣ್ಣುಗಳೆರಡೂ ಸರದಿಯಿಂದ ಕಾವು ಕೊಡುವುವು. ಸೆರೆಹಿಡಿದರೆ ಕೂಗದೆ ಕಣ್ಣೀರು ಸುರಿಸಿ, ಆಹಾರ ಮುಟ್ಟದೆ ಸಾಯುವುದು. ಅದರ ರೆಕ್ಕೆಯ ತುದಿಯಲ್ಲಿ ದುಂಡನೆಯ ಗಂಟೊಂದಿದೆಯೆಂದೂ ಅವನು ಬರೆದನು. ಹತ್ತೊಂಬತ್ತನೆಯ ಶತಮಾನದಲ್ಲಿ ದ್ವೀಪದ ಗವಿಗಳಿಂದ ತೆಗೆದ ಎಲುಬುಗಳಲ್ಲಿ ಆ ಗಂಟು ಹಾಗೆಯೇ ಇತ್ತು! ಈ ಹಕ್ಕಿಗೆ ಇಂದು ಬದುಕಿರುವವರಲ್ಲಿ ಅತ್ಯಂತ ಸಮೀಪದ ಬಂಧು ನಮ್ಮ ನಿಕೋಬಾರಿನ ಪಾರಿವಾಳವೇ.

ಮುಂದಿನ ಶತಮಾನದಲ್ಲಿ ಆಮೆಗಳನ್ನು ಮಾಂಸಕ್ಕಾಗಿ ಸಹಸ್ರಗಟ್ಟಲೆ ಹಡಗಿಗೆ ತುಂಬಿ ಮಾರಿಷಸ್ಸಿಗೆ ಸಾಗಿಸಿದರು. ೧೭೬೧ರಲ್ಲಿ ಪೆಂಗ್ರೆ ಎಂಬ ಜ್ಯೋತಿರ್ವಿದನು, ಶುಕ್ರಗ್ರಹವು ಸೂರ್ಯಬಿಂಬವನ್ನು ಹಾಯುವುದನ್ನು ನೋಡಲೆಂದೇ ಇಲ್ಲಿಗೆ ಬಂದನು. ಸಾಲಿಟೇರ್ ಇನ್ನೂ ಎಲ್ಲೋ ಉಂಟೆಂದು ಆತ ಕೇಳಿದನೇ ಹೊರತು ಕಾಣಲಿಲ್ಲ. ಕೋಟಿ ಯೋಜನದಾಚೆಯ ಚುಕ್ಕೆಗಾಗಿ ಸಾಗರಗಳನ್ನು ದಾಟಿದ ಮನುಷ್ಯಕುಲಕ್ಕೆ, ಕಾಲ ಬುಡದಲ್ಲಿ ಅಳಿಯುತ್ತಿದ್ದ ಹಕ್ಕಿಯ ಕೊನೆಯ ದಿನ ಯಾವುದೆಂಬುದೂ ತಿಳಿಯದೆ ಹೋಯಿತು.

೨೦೦೭ರಲ್ಲಿ ಲೆಗಾನ ಹೆಸರಿನಲ್ಲಿ ತೆರೆದ ರಕ್ಷಿತವನದಲ್ಲಿ ಈಗ ಮತ್ತೆ ದೊಡ್ಡ ಆಮೆಗಳು ಮೇಯುತ್ತಿವೆ. ಅವು ಅಲ್ಡಾಬ್ರ, ಮಡಗಾಸ್ಕರಗಳ ಕುಲದವು. ಈ ನೆಲದವು ಮರಳಲಾರವು. ಮಗನನ್ನು ಕಳೆದುಕೊಂಡ ಮನೆಗೆ ದತ್ತು ಬಂದ ಮಕ್ಕಳಂತೆ ಅವು ಕಂಡವು.

ಆದರೂ ಕಥೆ ಅಳಿವಿನಲ್ಲಿಯೇ ಮುಗಿದಿಲ್ಲ. ಕಾಡುಕಾಫಿ ಎಂಬರ್ಥದ ‘ಕಫೆ ಮಾರೋಂ’ ಇಲ್ಲಲ್ಲದೆ ಲೋಕದಲ್ಲಿ ಬೇರೆಲ್ಲಿಯೂ ಹುಟ್ಟಿಲ್ಲದ ಗಿಡ. ಅದು ನಿರ್ನಾಮವಾಯಿತೆಂದೇ ವಿದ್ವಾಂಸರು ನಂಬಿದ್ದರು. ೧೯೮೦ರ ಸುಮಾರಿನಲ್ಲಿ ಶಾಲೆಯ ಉಪಾಧ್ಯಾಯರೊಬ್ಬರು ಮಕ್ಕಳಿಗೆ ಅಪೂರ್ವ ಸಸ್ಯಗಳ ಚಿತ್ರ ತೋರಿಸಿದಾಗ, ಇದನ್ನು ಬಲ್ಲೆನೆಂದು ಹುಡುಗನೊಬ್ಬನು ರೆಂಬೆಯನ್ನೇ ತಂದನು. ಉಳಿದಿದ್ದುದು ಅದೊಂದೇ ಗಿಡ. ಸುದ್ದಿ ಹಬ್ಬಿದೊಡನೆ ಔಷಧಿಗೆಂದು ಜನ ಅದನ್ನು ಮುರಿಯತೊಡಗಲು, ಸುತ್ತ ಬೇಲಿ ಹಾಕಬೇಕಾಯಿತು. ೧೯೮೬ರಲ್ಲಿ ಅದರ ಕಡ್ಡಿ ಇಂಗ್ಲೆಂಡಿನ ಕ್ಯೂ ಉದ್ಯಾನವನ್ನು ಸೇರಿ ಬೇರುಬಿಟ್ಟಿತು, ಹೂವಾಯಿತು, ಕಾಯಾಗಲಿಲ್ಲ. ೨೦೦೩ರಲ್ಲಿ, ಬಹು ಪ್ರಯತ್ನದ ಮೇಲೆ, ಬೀಜ ಕಟ್ಟಿತು. ಆ ಸಂತತಿಯ ಸಸಿಗಳು ತವರಿಗೆ ಮರಳಿವೆ.

ಇಲ್ಲಿನ ಬಾವಲಿಯೂ ೧೯೭೦ರ ದಶಕದ ನಡುವೆ ನೂರರ ಆಚೀಚೆಗೆ ಇಳಿದಿದ್ದುದು ಈಗ ಸಾವಿರಗಳಲ್ಲಿದೆ. ಸಂಜೆ ಕಣಿವೆಯಿಂದ ಅವು ಹೊಂಬಣ್ಣದ ಮೈಯನ್ನು ತೋರುತ್ತ ಎದ್ದು ಬರುವುದನ್ನು ನಿಂತು ನೋಡಿದೆನು. ಲೆಗಾನಿಗೆ ಪಾಂಡಿತ್ಯವಿರಲಿಲ್ಲ, ಬಾಲಕನಿಗೆ ಅಧಿಕಾರವಿರಲಿಲ್ಲ. ಇಬ್ಬರಿಗೂ ಇದ್ದುದು ಕಣ್ಣು. ಒಬ್ಬನಿಂದ ಅಳಿದ ಹಕ್ಕಿಯ ನೆನಪು ಉಳಿಯಿತು. ಇನ್ನೊಬ್ಬನಿಂದ ಗಿಡವೇ ಉಳಿಯಿತು.