ಹಾದುಹೋಗುವಾಗ ಕಂಡ ಊರು

ಭೂಮಿಯ ಚಿತ್ರಗಳ ಮಾತು ಬಂದರೆ ಎಲ್ಲರೂ 1968ರ ಅಪೊಲೊ 8ರ ಚಿತ್ರವನ್ನು ಎತ್ತುತ್ತಾರೆ. ಚಂದ್ರನ ಬೋಳು ದಿಗಂತದಾಚೆ ಮೂಡುತ್ತಿರುವ ನೀಲಿ ಭೂಮಿ. ಬಿಲ್ ಆಂಡರ್ಸ್ ತೆಗೆದದ್ದು. ನನಗೂ ಅದು ಪ್ರಿಯವೇ. ಆದರೆ ತೆಗೆದವರು ನಮ್ಮವರು, ಮನೆ ಬಿಟ್ಟು ದೂರ ಹೋದವರು. ಅವರ ಕಣ್ಣಿಗೆ ಊರು ಚೆಂದ ಕಾಣದೆ ಇದ್ದೀತೆ? ನನ್ನ ಮನಸ್ಸು ಹೆಚ್ಚು ಎಳೆಯುವುದು ಒಳಗೆ ಯಾರೂ ಇಲ್ಲದ ನೌಕೆಗಳ ಕಡೆಗೆ. ನಮ್ಮ ನಿಲ್ದಾಣದಲ್ಲಿ ನಿಲ್ಲದ ಎಕ್ಸ್‌ಪ್ರೆಸ್ ರೈಲಿನಂತೆ, ಇನ್ನೆಲ್ಲಿಗೋ ಹೊರಟು ನಮ್ಮನ್ನು ಹಾದುಹೋದವು ಅವು. ಅದರಲ್ಲೂ ಗೆಲಿಲಿಯೊ.

ಗೆಲಿಲಿಯೊ ಹೊರಟಿದ್ದು ಗುರುಗ್ರಹಕ್ಕೆ. 1986ರ ಜನವರಿಯಲ್ಲಿ ಚಾಲೆಂಜರ್ ಷಟಲ್ ಸಿಡಿದು ಏಳು ಮಂದಿ ತೀರಿಕೊಂಡರಲ್ಲ, ಆಮೇಲೆ ಗೆಲಿಲಿಯೊವನ್ನು ಗುರುವಿನತ್ತ ಎಸೆಯಬೇಕಿದ್ದ ದ್ರವ ಇಂಧನದ ಸೆಂಟಾರ್ ರಾಕೆಟ್ಟನ್ನು ಷಟಲ್ಲಿನ ಹೊಟ್ಟೆಯಲ್ಲಿಟ್ಟು ಒಯ್ಯುವುದು ಅಪಾಯವೆಂದು ಕೈಬಿಟ್ಟರು. ಬದಲಿ ರಾಕೆಟ್ಟಿಗೆ ಗುರುವಿನವರೆಗೆ ನೇರ ಎಸೆಯುವ ಬಲವಿರಲಿಲ್ಲ. ಹಾಗಾಗಿ 1989ರಲ್ಲಿ ಹೊರಟ ನೌಕೆ ಮೊದಲು ಶುಕ್ರನನ್ನು ಬಳಸಿ, ಭೂಮಿಗೆ ಬಂದು, ಎರಡು ವರ್ಷ ಸುತ್ತಾಡಿ ಮತ್ತೆ ಭೂಮಿಗೇ ಬಂದು, ಹೋದಲ್ಲೆಲ್ಲ ಗ್ರಹದ ಸೆಳೆತದಿಂದ ಒಂದಿಷ್ಟು ವೇಗ ಪಡೆಯಬೇಕಾಯಿತು. ಆ ವೇಗ ಪುಕ್ಕಟೆ ಸಿಗುವುದಲ್ಲ. ಭೂಮಿ ತನ್ನ ಓಟದಿಂದಲೇ ತೆಗೆದುಕೊಟ್ಟದ್ದು ಅದು. ಅಳೆಯಲಾರದಷ್ಟು ಸ್ವಲ್ಪ ನಿಧಾನವಾಗಿ ನಮ್ಮ ಗ್ರಹ ಆ ನೌಕೆಯನ್ನು ಮುಂದಕ್ಕೆ ಕಳಿಸಿತು.

ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಮತ್ತು ಸಂಗಡಿಗರಿಗೆ ಈ ಬಳಸುದಾರಿಯಲ್ಲಿ ಒಂದು ಅವಕಾಶ ಕಂಡಿತು. ಭೂಮಿಯ ಬಗ್ಗೆ ನಮಗೇನೂ ಗೊತ್ತಿಲ್ಲವೆಂದೇ ಇಟ್ಟುಕೊಳ್ಳೋಣ. ಈ ನೌಕೆಯ ಉಪಕರಣಗಳಷ್ಟನ್ನೇ ನಂಬಿ ಇಲ್ಲಿ ಜೀವವಿದೆ ಎನ್ನಬಹುದೇ? ಉತ್ತರ ಗೊತ್ತಿರುವ ಪ್ರಶ್ನೆಯನ್ನು ಗೊತ್ತಿಲ್ಲದವರಂತೆ ಪ್ರಾಮಾಣಿಕವಾಗಿ ಕೇಳುವುದು ಎಷ್ಟು ಕಷ್ಟ! 1990ರ ಡಿಸೆಂಬರ್ 8ರಂದು ಗೆಲಿಲಿಯೊ 960 ಕಿ.ಮೀ. ಎತ್ತರದಲ್ಲಿ ಹಾದುಹೋಯಿತು. ಕಂಡದ್ದೆಲ್ಲ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು.

ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾದ ಚೆಂದದ ಚಿತ್ರಗಳು ಸಿಕ್ಕವು. ಅವುಗಳಲ್ಲಿ ಮನುಷ್ಯನ ಸುಳಿವೇ ಇಲ್ಲ. ಸುಳಿವು ಕೊಟ್ಟದ್ದು ಗಾಳಿ. ಅದರಲ್ಲಿ ಆಮ್ಲಜನಕ ಧಾರಾಳವಾಗಿತ್ತು, ಜೊತೆಗೆ ಒಂದಿಷ್ಟು ಮೀಥೇನ್. ಇವೆರಡೂ ಕೂಡಿ ಬಾಳುವ ಅನಿಲಗಳಲ್ಲ; ಆಮ್ಲಜನಕ ಮೀಥೇನನ್ನು ತಿಂದುಹಾಕುತ್ತದೆ. ಸುಮ್ಮನೆ ಬಿಟ್ಟರೆ ಇಡೀ ವಾತಾವರಣದಲ್ಲಿ ಮೀಥೇನಿನ ಒಂದು ಅಣುವೂ ಉಳಿಯಬಾರದು. ಆದರೂ ಇದೆ ಎಂದರೆ, ಯಾರೋ ಬಿಡದೆ ತುಂಬುತ್ತಲೇ ಇದ್ದಾರೆ. ಯಾರು? ಜೌಗು ನೆಲದ ಕೆಸರು, ನೀರು ನಿಂತ ಭತ್ತದ ಗದ್ದೆ, ಗೆದ್ದಲಿನ ಹೊಟ್ಟೆ, ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕುವ ಹಸುವಿನ ಹೊಟ್ಟೆ, ಇಲ್ಲೆಲ್ಲ ಕೂತ ಸೂಕ್ಷ್ಮಜೀವಿಗಳು. ಕೊಟ್ಟಿಗೆಯ ಉಸಿರು ಆಕಾಶದಲ್ಲಿ ಹೋಗುವವರಿಗೆ ಸಾಕ್ಷಿ ಹೇಳುತ್ತದೆ ಎಂಬುದನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಹಸಿರೂ ತನ್ನ ಮಾತು ಸೇರಿಸಿತು: ನೆಲದ ಎಷ್ಟೋ ಭಾಗ ಕೆಂಪು ಬೆಳಕನ್ನು ಹೀರಿಕೊಳ್ಳುತ್ತಿತ್ತು. ನಮಗೆ ತಿಳಿದ ಯಾವ ಕಲ್ಲುಮಣ್ಣೂ ಹಾಗೆ ಹೀರುವುದಿಲ್ಲ, ಎಲೆ ಹೀರುತ್ತದೆ.

ಹಾಗಾದರೆ ಮನುಷ್ಯ? ರಾತ್ರಿಯ ಮಗ್ಗುಲಿನಿಂದ 4–5 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕಿರಿದಾದ, ಏರಿಳಿಯುವ ರೇಡಿಯೊ ಅಲೆಗಳು ನೌಕೆಗೆ ಕೇಳಿಸಿದವು. ಮಿಂಚಿನಿಂದಾಗಲಿ ಧ್ರುವಪ್ರಭೆಯಿಂದಾಗಲಿ ಅಂಥ ಅಲೆ ಹುಟ್ಟುವುದಿಲ್ಲ. ಏನು ಹೇಳುತ್ತಿದ್ದಾರೆಂದು ತಿಳಿಯಲಿಲ್ಲ, ಯಾರೋ ಇದ್ದಾರೆಂದು ತಿಳಿಯಿತು. ಇಷ್ಟೆಲ್ಲ ಕಟ್ಟಿದ ಜನಾಂಗವನ್ನು ಕೊನೆಗೆ ತೋರಿಸಿಕೊಟ್ಟದ್ದು ಅದರ ಮಾತುಕತೆ! ಹರಟೆಯನ್ನು ಪ್ರೀತಿಸುವವರಿಗೆ ಇದಕ್ಕಿಂತ ಸಂತೋಷದ ಸುದ್ದಿ ಬೇಕೆ?

2013ರ ಅಕ್ಟೋಬರ್ 9ರಂದು ಜೂನೊ ನೌಕೆ, ಅದೂ ಗುರುವಿಗೇ ಹೊರಟದ್ದು, 559 ಕಿ.ಮೀ. ಮೇಲೆ ಹಾದುಹೋದಾಗ ಲೋಕದ ಹ್ಯಾಮ್ ರೇಡಿಯೊ ಹವ್ಯಾಸಿಗಳು ಒಟ್ಟಾಗಿ ಮೋರ್ಸ್ ಸಂಕೇತದಲ್ಲಿ ‘ಹಾಯ್’ ಎಂದರು. ಆರೇ ಆರು ಚುಕ್ಕೆ. ನೌಕೆಗೆ ಗುರುತು ಸಿಗಲೆಂದು ಒಂದೊಂದು ಚುಕ್ಕೆಯನ್ನೂ ಅರ್ಧ ನಿಮಿಷ ಎಳೆದರು. ಜೂನೊ ಅದನ್ನು ಕೇಳಿಸಿಕೊಂಡಿತು.

ಭೂಮಿಯನ್ನು ದೂರದಿಂದ ನೋಡುವ ಈ ಕೆಲಸ ನಮ್ಮಲ್ಲೂ ನಡೆದಿದೆ, ಸದ್ದಿಲ್ಲದೆ. 2023ರಲ್ಲಿ ಎಲ್ಲರ ಕಣ್ಣು ವಿಕ್ರಮ್ ಲ್ಯಾಂಡರಿನ ಮೇಲಿದ್ದಾಗ, ಚಂದ್ರಯಾನ-3ರ ಪ್ರೊಪಲ್ಷನ್ ಮಾಡ್ಯೂಲಿನಲ್ಲಿ ‘ಶೇಪ್’ ಎಂಬ ಉಪಕರಣವೊಂದು ಚಂದ್ರನನ್ನು ಸುತ್ತುತ್ತ ಭೂಮಿಯ ಕಡೆ ನೋಡುತ್ತಿತ್ತು. ತಯಾರಾದದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ನಮ್ಮ ಭೂಮಿಯನ್ನೇ ಯಾವುದೋ ದೂರದ ಗ್ರಹವೆಂದುಕೊಂಡು ಅದರ ಬೆಳಕನ್ನು ಅಳೆಯುವುದು ಅದರ ಕೆಲಸ. ಬೇರೆ ನಕ್ಷತ್ರಗಳ ಸುತ್ತ ಈಗಾಗಲೇ ಸಾವಿರಾರು ಗ್ರಹಗಳು ಪತ್ತೆಯಾಗಿವೆ. ನಾಳೆ ಅವುಗಳಲ್ಲಿ ಯಾವುದರಿಂದಲೋ ಒಂದು ಚುಕ್ಕೆ ಬೆಳಕು ಬಂದರೆ, ಹೋಲಿಸಿ ನೋಡಲು ಜೀವವಿರುವ ಗ್ರಹದ ಮಾದರಿ ನಮ್ಮ ಬಳಿ ಇರುವುದು ಇದೊಂದೇ. ಪೂರ್ತಿ ಬೆಳಗಿದಾಗ, ಅರ್ಧ ಬೆಳಗಿದಾಗ, ಮೋಡ ಕವಿದಾಗ, ಬರೀ ಸಾಗರ ಎದುರಿದ್ದಾಗ ಅದು ಹೇಗಿರುತ್ತದೆಂದು ಬರೆದಿಡಬೇಕು. ಮುಂದೆ ಯಾವ ಗ್ರಹಕ್ಕೆ ಯಾರು ನೌಕೆ ಕಳಿಸಿದರೂ, ಕ್ಯಾಮೆರಾ ಪರೀಕ್ಷಿಸುವ ನೆಪದಲ್ಲಾದರೂ ಅದನ್ನೊಮ್ಮೆ ಈ ಕಡೆ ತಿರುಗಿಸಲಿ.