ಶಾಸಕರಿಂದ ಒಂದು ಕಾಗದ

ಶಾಸನ ಎಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳು ರೂಢಿಯಲ್ಲಿವೆ. ಒಂದು, ಕಲ್ಲಿನ ಮೇಲೆ ಕೊರೆದ ಬರಹ. ಇನ್ನೊಂದು, ಸರ್ಕಾರದ ಕಾಯಿದೆ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ಮೊದಲನೆಯದನ್ನು ಇಪ್ಪತ್ತು ವರ್ಷಗಳಿಂದ ವಿದ್ಯಾರ್ಥಿಗಳಿಗೆ ಓದಿಸುತ್ತ ಬಂದಿದ್ದೇನೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲು 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರ ಕಣ್ಣಿಗೆ ಬಿತ್ತು. ಅದರಲ್ಲಿರುವುದಾದರೂ ಏನು? ಯಾರಿಗೆ ಯಾವ ಊರುಗಳನ್ನು ಬಿಟ್ಟುಕೊಟ್ಟರು ಎಂಬ ವಿವರ. ಅದನ್ನು ಅಳಿದವನಿಗೆ ಮಹಾಪಾತಕ ಎಂಬ ಎಚ್ಚರಿಕೆ. ಇಂಥ ಕಲ್ಲುಗಳನ್ನು ಹಿಂದಿನವರು ಊರ ಮುಂದೆ, ಗುಡಿಯ ಎದುರು, ಕೆರೆಯ ಏರಿಯ ಮೇಲೆ, ಹೋಗುವವರು ಬರುವವರ ಕಣ್ಣಿಗೆ ಬೀಳುವಂತೆ ನಿಲ್ಲಿಸಿದರು. ಓದುಬಲ್ಲವನು ಓದಿದ; ಬಾರದವನು ಕೇಳಿ ತಿಳಿದ.

ಎರಡನೆಯ ಅರ್ಥದ ಶಾಸನದ ಪಾಡೇ ಬೇರೆ. ಅದು ವಿಧಾನಸಭೆಯಲ್ಲಿ ಮಸೂದೆಯಾಗಿ ಹುಟ್ಟಿ, ಪರಿಷತ್ತನ್ನು ದಾಟಿ, ರಾಜ್ಯಪಾಲರ ಅಂಕಿತ ಪಡೆದು, ರಾಜ್ಯಪತ್ರದಲ್ಲಿ ಅಚ್ಚಾಗುತ್ತದೆ. ಅಚ್ಚಾದ ಮೇಲೆ ಅದು ಎಲ್ಲರಿಗೂ ಗೊತ್ತಿದೆಯೆಂದೇ ಲೆಕ್ಕ. ‘ನನಗೆ ತಿಳಿದಿರಲಿಲ್ಲ’ ಎಂದರೆ ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ಆದರೆ ಬೆಳಗಿನ ಕಾಫಿಯ ಜೊತೆಗೆ ರಾಜ್ಯಪತ್ರವನ್ನು ಓದುವ ಮಹನೀಯರನ್ನು ನಾನಂತೂ ಇದುವರೆಗೆ ಕಂಡಿಲ್ಲ.

ಈ ಯೋಚನೆಗೆ ಕಾರಣವಾದದ್ದು ನಮ್ಮ ಕ್ಷೇತ್ರದ ಶಾಸಕರು ಮನೆಮನೆಗೆ ಹಂಚಿದ ಒಂದು ಪುಸ್ತಕ. ನಲವತ್ತು ಪುಟ, ನುಣುಪಾದ ಕಾಗದ, ಬಣ್ಣಬಣ್ಣದ ಮುದ್ರಣ. ನನ್ನಾಕೆ ಅದನ್ನು ಮೊದಲಿನಿಂದ ಕಡೆಯವರೆಗೆ ತಿರುವಿಹಾಕಿ, “ಒಟ್ಟು ಐವತ್ತೆಂಟು ಚಿತ್ರ. ಐವತ್ತೇಳರಲ್ಲಿ ಅವರಿದ್ದಾರೆ, ಉಳಿದ ಒಂದು ಅವರ ತಂದೆಯವರದು” ಎಂದು ವರದಿ ಒಪ್ಪಿಸಿದಳು. ರಸ್ತೆ, ಚರಂಡಿ, ಬಸ್ ತಂಗುದಾಣ, ಸಮುದಾಯ ಭವನ, ಹೈಮಾಸ್ಟ್ ದೀಪ. ಪುಟಕ್ಕೊಂದು ಗುದ್ದಲಿ ಪೂಜೆ. ಇವನ್ನು ನಾನು ಹೀಗಳೆಯುವವನಲ್ಲ. ನಮ್ಮ ಬೀದಿಯ ಚರಂಡಿ ದುರಸ್ತಿಯಾದದ್ದರಿಂದ ಹೋದ ಮಳೆಗಾಲದಲ್ಲಿ ನನ್ನ ಪುಸ್ತಕದ ಕಪಾಟು ಉಳಿದುಕೊಂಡಿತು. ಆದರೂ ಒಂದು ಪ್ರಶ್ನೆ ಕಾಡಿತು. ಚರಂಡಿ ಪಾಲಿಕೆಯ ಕೆಲಸ. ಅದಕ್ಕೆಂದು ಬೇರೆ ಸದಸ್ಯರನ್ನು ಆರಿಸಿದ್ದೇವೆ. ಶಾಸಕ ಎಂದರೆ ಶಾಸನ ಮಾಡುವವನು. ಆರೂವರೆ ಕೋಟಿಗೆ ಮೀರಿದ ಈ ನಾಡಿನ ಜನದಲ್ಲಿ ವಿಧಾನಸಭೆಯಲ್ಲಿ ಕುಳಿತು ಕಾಯಿದೆಗೆ ‘ಹೌದು’ ಎನ್ನಲು, ‘ಅಲ್ಲ’ ಎನ್ನಲು ನಾವು ಆರಿಸಿ ಕಳಿಸುವವರು 224 ಮಂದಿ. ಆ ಕೆಲಸದ ಸುದ್ದಿ ಈ ನಲವತ್ತು ಪುಟಗಳಲ್ಲಿ ಎಲ್ಲಿ?

ಹುಡುಕಿದೆ. ಕೊನೆಯ ಪುಟದಲ್ಲಿ, ಯಾವುದೋ ಸಹಕಾರ ಸಂಘದ ಗೌರವಾಧ್ಯಕ್ಷತೆಗೂ ಕಬಡ್ಡಿ ಪಂದ್ಯಾವಳಿಯ ಪೋಷಕತ್ವಕ್ಕೂ ನಡುವೆ ಒಂದು ಸಾಲು ಅಡಗಿತ್ತು: ವಿಧಾನಸಭೆಯ ಸರ್ಕಾರಿ ಭರವಸೆಗಳ ಸಮಿತಿಯ ಸದಸ್ಯರು.

ನಮ್ಮ ಬೀದಿಯ ತುದಿಯಲ್ಲಿ ವಿಧಾನಸಭೆಯ ಸಚಿವಾಲಯದಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತರಾದ ರಾಯರೊಬ್ಬರಿದ್ದಾರೆ. ಪುಸ್ತಕವನ್ನು ಅವರ ಮುಂದಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಆ ಸಾಲಿನ ಮೇಲೆ ಬೆರಳಿಟ್ಟು, “ಮೇಷ್ಟ್ರೇ, ಇದರಲ್ಲಿ ಓದಬೇಕಾದದ್ದು ಇದೊಂದೇ ನೋಡಿ. ಇದನ್ನೇ ಅವರು ಬಿಡಿಸಿ ಬರೆದಿಲ್ಲ” ಎಂದರು.

“ಬಿಡಿಸಿ ಹೇಳಿ ರಾಯರೆ, ಕೇಳೋಣ” ಎಂದೆ.

ಅವರು ಹೇಳಿದ್ದನ್ನು ನನ್ನ ವ್ಯಾಕರಣದ ಭಾಷೆಗೆ ತಿರುಗಿಸಿ ಹೇಳುತ್ತೇನೆ. ಸದನದಲ್ಲಿ ಸದಸ್ಯರು ಪ್ರಶ್ನೆ ಕೇಳುತ್ತಾರೆ. ಸಚಿವರು ‘ಪರಿಶೀಲಿಸಲಾಗುವುದು’, ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂದು ಉತ್ತರಿಸುತ್ತಾರೆ. ಇದು ಕರ್ಮಣಿ ಪ್ರಯೋಗ, ಕಾಲ ಭವಿಷ್ಯತ್ತು, ಕರ್ತೃಪದ ಲೋಪ. ಪರಿಶೀಲಿಸುವವರು ಯಾರು, ಯಾವಾಗ, ಎಂಬುದಕ್ಕೆ ವಾಕ್ಯದಲ್ಲಿ ಎಡೆಯಿಲ್ಲ. ಭರವಸೆಗಳ ಸಮಿತಿಯ ಕೆಲಸವೆಂದರೆ ಈ ಲೋಪವಾದ ಕರ್ತೃವನ್ನು ಹುಡುಕುವುದು. ಸಚಿವರು ಕೊಟ್ಟ ಮಾತನ್ನು ನಡವಳಿಯಿಂದ ಎತ್ತಿ ಬರೆದುಕೊಂಡು, ತಿಂಗಳುಗಳಾದ ಮೇಲೆ ಇಲಾಖೆಯವರನ್ನು ಕರೆಸಿ, “ಏನಾಯಿತು ಸ್ವಾಮಿ?” ಎಂದು ಕೇಳುವುದು. ಲೋಕಸಭೆಯಲ್ಲಿ ಇಂಥ ಸಮಿತಿ 1953ರಲ್ಲೇ ಆರಂಭವಾಯಿತು.

ಇನ್ನೂ ಹಲವು ಸಮಿತಿಗಳಿವೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿ ಮಹಾಲೇಖಪಾಲರ ವರದಿಯನ್ನು ಹಿಡಿದು, ಖರ್ಚಾದ ಹಣ ಮಂಜೂರಾದ ಕೆಲಸಕ್ಕೇ ಹೋಯಿತೆ ಎಂದು ನೋಡುತ್ತದೆ. ಲೋಕಸಭೆಯಲ್ಲಿ ಆ ಸಮಿತಿಯ ಅಧ್ಯಕ್ಷತೆಯನ್ನು ವಿರೋಧಪಕ್ಷದವರಿಗೆ ಕೊಡುವ ಸಂಪ್ರದಾಯ 1967ರಲ್ಲಿ ಮೀನೂ ಮಸಾನಿಯವರಿಂದ ಮೊದಲಾಯಿತು. ಅಧೀನ ಶಾಸನ ರಚನಾ ಸಮಿತಿಯ ಹೆಸರು ಕೇಳಿದರೆ ನಿದ್ದೆ ಬರುತ್ತದೆ. ಕೆಲಸ ಮಾತ್ರ ನಿದ್ದೆಗೆಡಿಸುವಂಥದು. ಕಾಯಿದೆಯಲ್ಲಿ ‘ನಿಯಮಿಸಬಹುದಾದಂತೆ’ ಎಂದು ಬಿಟ್ಟ ಜಾಗಗಳನ್ನು ಅಧಿಕಾರಿಗಳು ನಿಯಮಗಳಿಂದ ತುಂಬುತ್ತಾರೆ. ಆ ನಿಯಮಗಳು ಕಾಯಿದೆಯ ಬೇಲಿ ಹಾರಿವೆಯೋ ಎಂದು ಈ ಸಮಿತಿ ಪರೀಕ್ಷಿಸಬೇಕು.

“ಸದನದಲ್ಲಿ ಒಬ್ಬರ ಮೇಲೊಬ್ಬರು ಕೂಗಾಡಿದವರೇ ಸಮಿತಿಯ ಕೋಣೆಯಲ್ಲಿ ಪಕ್ಕಪಕ್ಕ ಕುಳಿತು ಕಡತ ಓದುತ್ತಿದ್ದುದನ್ನು ನಾನು ನೋಡಿದ್ದೇನೆ” ಎಂದರು ರಾಯರು. “ಅಲ್ಲಿ ಕ್ಯಾಮೆರಾ ಇರುವುದಿಲ್ಲವಲ್ಲ. ಆದರೆ ಮೇಷ್ಟ್ರೇ, ಕಡತ ಓದಿದೆ ಎಂದರೆ ಓಟು ಬೀಳುತ್ತದೆಯೆ? ನೀವಾದರೂ ಅವರು ಮನೆಗೆ ಬಂದಾಗ ಏನು ಕೇಳಿದಿರಿ?”

ಕೇಳುವವರಿಗೆ ತಕ್ಕ ಪುರಾಣ ಎಂಬುದು ಹಳೆಯ ನ್ಯಾಯ. ಬೀದಿಗೆಲ್ಲ ಚರಂಡಿಯ ಚಿಂತೆಯಾದರೆ ಶಾಸಕರೂ ಚರಂಡಿಯ ಪುರಾಣವನ್ನೇ ಬರೆಸುತ್ತಾರೆ. ಹಾಗೆಂದು ಬೇರೆ ಬಗೆಯ ಕಾಗದ ಬರೆದವರು ಇಲ್ಲದಿಲ್ಲ. ಇಂಗ್ಲಿಷ್ ಕವಿ ಆಂಡ್ರೂ ಮಾರ್ವೆಲ್‌ನನ್ನು ಕಾವ್ಯಪ್ರೇಮಿಗಳು ಬಲ್ಲರು. ಅವನು ಮಿಲ್ಟನ್ನನ ಸಹೋದ್ಯೋಗಿ. 1659ರಿಂದ 1678ರಲ್ಲಿ ಸಾಯುವವರೆಗೆ ಹಲ್ ಎಂಬ ಬಂದರು ಪಟ್ಟಣದ ಪ್ರತಿನಿಧಿಯಾಗಿ ಪಾರ್ಲಿಮೆಂಟಿನಲ್ಲಿದ್ದ. ಅಧಿವೇಶನ ನಡೆಯುವಾಗ ಪಟ್ಟಣದ ಮೇಯರ್ ಮತ್ತು ಹಿರಿಯರಿಗೆ ಕಾಗದ ಬರೆಯುತ್ತಿದ್ದ. ಯಾವ ಮಸೂದೆ ಬಂತು, ಯಾವ ತೆರಿಗೆ ಏರುವಂತಿದೆ, ಸಮಿತಿಯಲ್ಲಿ ಏನು ನಡೆಯಿತು, ಬಂದರಿಗೂ ದೀಪಸ್ತಂಭಕ್ಕೂ ಅದರಿಂದ ಏನಾದೀತು? ಇಂಥ ಮುನ್ನೂರರಷ್ಟು ಕಾಗದಗಳು ಉಳಿದು ಬಂದಿವೆ. ಅವುಗಳಲ್ಲಿ ಕಾವ್ಯವನ್ನು ಹುಡುಕುವವರಿಗೆ ನಿರಾಶೆ ಕಾದಿದೆ. ಎಲ್ಲವೂ ಒಣ ಸಮಾಚಾರ. ಪಟ್ಟಣದವರು ಅವನಿಗೆ ಅಧಿವೇಶನದ ದಿನಕ್ಕೆ ಆರು ಷಿಲ್ಲಿಂಗ್ ಎಂಟು ಪೆನ್ಸ್ ಸಂಬಳ ಕೊಡುತ್ತಿದ್ದರು, ಆಗಾಗ ತಮ್ಮೂರಿನ ಮದ್ಯವನ್ನೂ ಕಳಿಸುತ್ತಿದ್ದರು. ಸಂಬಳ ಕೊಟ್ಟವರಿಗೆ ಲೆಕ್ಕ ಒಪ್ಪಿಸಬೇಕೆಂಬುದನ್ನು ಆ ಮಹಾಕವಿ ಕೀಳೆಂದು ಎಣಿಸಲಿಲ್ಲ.

ನಮ್ಮ ಮೈಸೂರಿಗೂ ಇದು ತೀರ ಹೊಸದಲ್ಲ. ದಿವಾನ್ ರಂಗಾಚಾರ್ಲು ಅವರು 1881ರ ಅಕ್ಟೋಬರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದಾಗ ಅದಕ್ಕೆ ಕಾಯಿದೆ ಮಾಡುವ ಅಧಿಕಾರವಿರಲಿಲ್ಲ. ಸರ್ಕಾರ ಮಾಡಿದ್ದನ್ನೂ ಮಾಡಬೇಕೆಂದಿರುವುದನ್ನೂ ನಾಡಿನಿಂದ ಬಂದ 144 ಮಂದಿಗೆ ತಿಳಿಸುವುದು, ಅವರ ಅಹವಾಲು ಕೇಳುವುದು, ಇಷ್ಟೇ ಅದರ ಉದ್ದೇಶ. ದಸರೆ ಮುಗಿಸಿ ಊರಿಗೆ ಮರಳಿದವನು ಹಬ್ಬದ ಸಿಹಿಯ ಜೊತೆಗೆ ರಾಜ್ಯದ ಸುದ್ದಿಯನ್ನೂ ಒಯ್ದಿರಬೇಕು. ಇಂದು ಪ್ರತಿನಿಧಿಗೆ ಅಧಿಕಾರ ಬಂದಿದೆ. ಸುದ್ದಿ ಒಯ್ಯುವುದು ಮಾತ್ರ ನಿಂತಿದೆ.

ಸುದ್ದಿ ತಿಳಿದರೆಷ್ಟು, ಬಿಟ್ಟರೆಷ್ಟು ಎಂದು ಕೇಳುವವರಿಗೆ ನಮ್ಮ ಮನೆತನದ ಒಂದು ಸಂಗತಿಯನ್ನು ಹೇಳಬೇಕು. ನನ್ನ ಅಜ್ಜ ಸಾಗರದ ಸೀಮೆಯಲ್ಲಿ ಗೇಣಿದಾರನಾಗಿದ್ದ. 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದ ಸೀಮೆ ಅದು. ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿಯ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ಅದನ್ನು ತನ್ನದಾಗಿಸಿಕೊಳ್ಳಬೇಕಾದರೆ ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು. ಗಡುವು ಮುಂದಕ್ಕೆ ಹೋಗುತ್ತ ಹೋಗುತ್ತ 1979ರ ಜೂನ್ 30 ಕಡೆಯ ದಿನವೆಂದು ನಿಂತಿತು.

ಊರಿನ ಶಾಲೆಯ ಮೇಷ್ಟ್ರು ಸಂಜೆ ಜಗಲಿಯ ಮೇಲೆ ಕುಳಿತು ಪತ್ರಿಕೆಯನ್ನು ಗಟ್ಟಿಯಾಗಿ ಓದುವ ಅಭ್ಯಾಸದವರು. ಅಜ್ಜನಿಗೆ ಅಕ್ಷರ ಬಾರದು, ಕಿವಿ ಚುರುಕು. ಮೇಷ್ಟ್ರಿಂದಲೇ ಅರ್ಜಿ ಬರೆಸಿ, ಹೆಬ್ಬೆಟ್ಟು ಒತ್ತಿ, ತಾಲ್ಲೂಕು ಕಚೇರಿಗೆ ನಡೆದುಹೋಗಿ ಕೊಟ್ಟು ಬಂದ. ಪಕ್ಕದ ಗದ್ದೆಯ ಗೇಣಿದಾರ ಅವನ ಜೊತೆಗಾರ, ಅವನಷ್ಟೇ ದುಡಿಯುವವನು. ಒಡೆಯರು ಅವನನ್ನು ಕರೆದು, “ನಿನ್ನನ್ನು ನಾವು ಬಿಡಿಸುತ್ತೇವೆಯೇನೋ? ಅರ್ಜಿಗಿರ್ಜಿ ಎಲ್ಲ ನಿನಗೇಕೆ?” ಎಂದರಂತೆ. ಅರ್ಜಿ ಹಾಕದಿದ್ದರೆ ಹಕ್ಕೇ ಹೋಗುತ್ತದೆಂದು ಅವನಿಗೆ ಹೇಳುವವರಿರಲಿಲ್ಲ. ತಾರೀಖು ದಾಟಿತು. ಮರುವರ್ಷದ ನಾಟಿಗೆ ಬೇರೆ ಆಳುಗಳು ಬಂದರು. ಅರ್ಜಿ ಹಾಕದೆ ಉಳಿದವರಿಗಾಗಿ 1990ರ ದಶಕದ ಕೊನೆಯಲ್ಲಿ ಕಾಯಿದೆಗೆ ಮತ್ತೆ ತಿದ್ದುಪಡಿಯಾಗಿ ನಮೂನೆ 7ಎ ಬಂತು. ಅಷ್ಟು ಹೊತ್ತಿಗೆ ಆತ ಕಾಲವಾಗಿದ್ದ. ಆತನ ಮಗ ಅದೇ ಗದ್ದೆಗೆ ಕೂಲಿಗೆ ಹೋಗುತ್ತಿದ್ದುದನ್ನು ನಾನು ಹುಡುಗನಾಗಿದ್ದಾಗ ನೋಡಿದ್ದೇನೆ. ನಮ್ಮ ತಂದೆ ಓದಿದ್ದು, ನಾನು ಎಂ.ಎ. ಮಾಡಿದ್ದು ಅಜ್ಜನ ಎರಡು ಎಕರೆಯ ಭತ್ತದಿಂದ. ಎರಡು ಮನೆಗಳಿಗೂ ಕಾಯಿದೆ ಒಂದೇ. ಒಂದು ಮನೆಗೆ ಅದು ತಲುಪಿತು, ಇನ್ನೊಂದಕ್ಕೆ ತಲುಪಲಿಲ್ಲ.

ಅದು ಅಕ್ಷರವಿಲ್ಲದ ಕಾಲದ ಮಾತಾಯಿತು ಎನ್ನಬಹುದು. ಹೋದ ತಿಂಗಳು ನನ್ನ ಪದವಿ ತರಗತಿಯಲ್ಲಿ ಸಕಾಲ ಕಾಯಿದೆಯ ಮಾತೆತ್ತಿದೆ. ಆ ಕಾಯಿದೆ 2011ರದು. ಅದರ ಪಟ್ಟಿಯಲ್ಲಿರುವ ಸೇವೆಯನ್ನು ಕಚೇರಿಯವರು ಗೊತ್ತಾದ ದಿನದೊಳಗೆ ಒದಗಿಸದಿದ್ದರೆ, ತಡವಾದ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರ ಪರಿಹಾರ ಕೇಳಬಹುದು. ಅರುವತ್ತು ಜನರ ತರಗತಿಯಲ್ಲಿ ಇದನ್ನು ಬಲ್ಲವರು ಮೂವರು. ಜಾತಿ, ಆದಾಯ ಪ್ರಮಾಣಪತ್ರಕ್ಕೆಂದು ಕಚೇರಿಗೆ ಅಲೆಯದವರು ಮಾತ್ರ ಒಬ್ಬರೂ ಇರಲಿಲ್ಲ. ಎಲ್ಲರ ಕೈಯಲ್ಲೂ ಫೋನಿದೆ. ಜಗಲಿಯ ಮೇಷ್ಟ್ರು ಇಲ್ಲ.

ಆ ಮೇಷ್ಟ್ರ ಕೆಲಸವನ್ನು ಮಾಡಲು ಶಾಸಕರಿಗಿಂತ ತಕ್ಕವರು ಯಾರು? ನುಣುಪು ಕಾಗದ ಬೇಡ, ಐವತ್ತೆಂಟು ಚಿತ್ರ ಬೇಡ. ಅಧಿವೇಶನ ಮುಗಿದ ಮೇಲೆ ಒಂದೇ ಹಾಳೆ ಸಾಕು. ಇಂಥ ಮಸೂದೆಗಳು ಬಂದವು. ನಾನು ಇದನ್ನು ಒಪ್ಪಿದೆ, ಇದನ್ನು ಒಪ್ಪಲಿಲ್ಲ. ಸಮಿತಿಯಲ್ಲಿ ಇಂಥ ಭರವಸೆಯ ಬಗೆಗೆ ಕೇಳಿದೆವು, ಇಂಥ ಉತ್ತರ ಬಂತು. ಈ ಕಾಯಿದೆಯಿಂದ ನಿಮಗೆ ಇದು ದೊರೆಯುತ್ತದೆ, ಇಷ್ಟನೆಯ ತಾರೀಖಿನೊಳಗೆ ಅರ್ಜಿ ಹಾಕಿ. ಮಸೂದೆಗಳಲ್ಲಿ ಹೆಚ್ಚಿನವು ಧ್ವನಿಮತದಿಂದ ಅಂಗೀಕಾರವಾಗುತ್ತವೆ. ಗದ್ದಲದಲ್ಲಿ ನಮ್ಮವರ ಧ್ವನಿ ಯಾವುದಾಗಿತ್ತೆಂದು ಅವರೇ ಹೇಳದೆ ನಮಗೆ ತಿಳಿಯುವ ದಾರಿಯಿಲ್ಲ.

ಇಷ್ಟನ್ನೂ ವಿನಯದಿಂದ ಬರೆದು, ರಾಯರ ಸಹಿಯನ್ನೂ ಹಾಕಿಸಿ, ಶಾಸಕರ ಕಚೇರಿಗೆ ಅಂಚೆಯಲ್ಲಿ ಕಳಿಸಿದೆ. ಎಂಟು ದಿನಗಳಾದ ಮೇಲೆ ಅವರ ಆಪ್ತ ಸಹಾಯಕರು ಫೋನು ಮಾಡಿದರು.

“ಸಾರ್, ನಿಮ್ಮ ಕಾಗದ ಬಂತು. ನಿಮ್ಮ ಬೀದೀಲಿ ಏನು ಕೆಲಸ ಆಗಬೇಕಿತ್ತು ಸಾರ್?”

“ಬೀದಿಯದೇನೂ ಇಲ್ಲಪ್ಪ. ಸಭೆಯಲ್ಲಿ, ಸಮಿತಿಯಲ್ಲಿ ಏನಾಯಿತೆಂದು ಒಂದು ಹಾಳೆ ಬರೆದು ಹಂಚಿ ಎಂದು ಕೇಳಿದ್ದೇವೆ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಏನನ್ನೂ ಮಾಡಿಸಿಕೊಳ್ಳಲು ಬಾರದ ಮತದಾರ ಆ ಹುಡುಗನಿಗೆ ಹೊಸಬನಾಗಿ ಕಂಡಿರಬೇಕು. ಆಮೇಲೆ, “ಆಗಲಿ ಸಾರ್, ನಾನೇ ಸಾಹೇಬರಿಗೆ ಹೇಳ್ತೀನಿ” ಎಂದು ಫೋನು ಇಟ್ಟ.

‘ಹೇಳಲಾಗುವುದು’ ಎನ್ನಲಿಲ್ಲ, ‘ನಾನೇ ಹೇಳ್ತೀನಿ’ ಎಂದ. ವಾಕ್ಯದಲ್ಲಿ ಕರ್ತೃವಿದೆ. ವ್ಯಾಕರಣದ ಮಟ್ಟಿಗಾದರೂ ಇದು ಮುನ್ನಡೆಯೇ.